ಗೋಲಗುಂಬಜ್ ಸಾಹಸ ಬರೆದಾಯ್ತು, ಮಾರೋದು ಯಾವ ಲೈಸೆನ್ಸ್‌ನಲ್ಲಿ?

ವಿಜಯಪುರದ ಪಿಸುಮಾತಿನ ಗ್ಯಾಲರಿಯಲ್ಲಿ ನಡೆಯುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು ಪಾತ್ರಗಳಾಗಿ ಆಡುವ ಕಥೆಯಾಟ) ಸಾಹಸ, ಅಂದರೆ ಆಡಲು ಬೇಕಾದ ಕಥೆಯ ಪುಸ್ತಕ, ಬರೆದಿದ್ದೀರಾ? ಮಾರಲು ಮುಖ್ಯವಾಗಿ ಎರಡು ದಾರಿ.

ಒಂದು, ಡಿಎಂಸ್ ಗಿಲ್ಡ್ ಎಂಬ ಆನ್‌ಲೈನ್ ಅಂಗಡಿ. ಅಲ್ಲಿ ಆಟದ ಒಡೆಯರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಫರ್ಗಾಟನ್ ರೆಲ್ಮ್ಸ್ ಎಂಬ ಕಾಲ್ಪನಿಕ ಲೋಕವನ್ನೇ ಬಳಸಬಹುದು, ಗಿರಾಕಿಗಳೂ ಅಲ್ಲೇ ಸಿಗುತ್ತಾರೆ. ಆದರೆ ಮಾರಾಟದ ಅರ್ಧ ಮಾತ್ರ ನಿಮ್ಮದು. ಅದೇ ಪುಸ್ತಕವನ್ನು ಬೇರೆಡೆ ಮಾರುವಂತಿಲ್ಲ. ನೀವು ಹುಟ್ಟಿಸಿದ ಪಾತ್ರವನ್ನು ಅಲ್ಲಿನ ಉಳಿದ ಲೇಖಕರೂ ಎತ್ತಿಕೊಳ್ಳಬಹುದು. ನನಗೆ ಚುಚ್ಚುವುದು ಇದೇ.

ಇನ್ನೊಂದು, ಎಸ್‌ಆರ್‌ಡಿ 5.1, ಅಂದರೆ ಆಟದ ಮೂಲ ನಿಯಮಗಳ ದಾಖಲೆ. ಬೇರೆಯವರೂ ಆಟದ ನಿಯಮ ಬಳಸಲು ಬಿಟ್ಟಿದ್ದ 2000ನೇ ಇಸವಿಯ ಓಪನ್ ಗೇಮ್ ಲೈಸೆನ್ಸ್ ಬದಲಿಸಲು ಹೋಗಿ ಬೈಸಿಕೊಂಡ ಕಂಪನಿ, 2023ರ ಜನವರಿಯಲ್ಲಿ ಇದನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಲೈಸೆನ್ಸ್‌ನಲ್ಲಿ ಕೊಟ್ಟಿತು. ಕೊಟ್ಟದ್ದನ್ನು ವಾಪಸ್ ಪಡೆಯುವಂತಿಲ್ಲ. ಮೂಲದ ಹೆಸರು ಹಾಕಿದರಾಯ್ತು, ರಾಯಲ್ಟಿ ಇಲ್ಲ. ಬೆಳಗಾವಿಯಲ್ಲಿ ಅಚ್ಚು ಹಾಕಿಸಿಯೂ ಮಾರಿ. ಫರ್ಗಾಟನ್ ರೆಲ್ಮ್ಸ್ ಮಾತ್ರ ಮುಟ್ಟಬೇಡಿ. ಆದಿಲಶಾಹಿಗಳ ಊರೇ ಕೈಯಲ್ಲಿರುವಾಗ ಅದ್ಯಾಕ್ರೀ ಬೇಕು?