ಸ್ಪೊಕ್ಯಾನ್‌ನ ಗೊನ್‌ಜ್ಯಾಗ ಯೂನಿವರ್ಸಿಟಿ: ಫೀಸ್ ಕಟ್ಟುತ್ತಿರುವ ಒಬ್ಬ ಅಪ್ಪನ ಅಭಿಪ್ರಾಯ

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಈ ಊರು ಸ್ಪೊಕೇನ್ ಅಲ್ಲ, ಸ್ಪೊಕ್ಯಾನ್. ಯೂನಿವರ್ಸಿಟಿ ಗೊನ್‌ಜಾಗಾ ಅಲ್ಲ, ಗೊನ್‌ಜ್ಯಾಗ. "ಜಾ" ಅಂದರೆ ಸಾಕು, ಹೊರಗಿನವರು ಅಂತ ಗೊತ್ತಾಗಿಬಿಡುತ್ತದೆ. ಮೊದಲ ಸಲ ಹೋದಾಗ ನಾನು ಒಂದೇ ಬೆಳಿಗ್ಗೆ ಎರಡನ್ನೂ ತಪ್ಪು ಹೇಳಿದೆ. ಮಗಳು ನಾಲ್ಕು ಹೆಜ್ಜೆ ದೂರ ಹೋಗಿ ನಿಂತಳು, ಇವರು ಯಾರೋ ನನಗೆ ಗೊತ್ತಿಲ್ಲ ಎನ್ನುವ ಹಾಗೆ.

ನಾವಿರುವುದು ಸಿಯಾಟಲ್ ಹತ್ತಿರ. ಇಲ್ಲಿನ ಕನ್ನಡದವರ ಮನೆಗಳಲ್ಲಿ ಮಕ್ಕಳು ಹನ್ನೆರಡನೇ ಕ್ಲಾಸಿಗೆ ಬಂದರೆ ಮಾತೆಲ್ಲ ಒಂದೇ, ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿತಾ ಇಲ್ಲವಾ. ಅಂಥದ್ದರಲ್ಲಿ ಮಗಳು ಸಿವಿಲ್ ಎಂಜಿನಿಯರಿಂಗ್ ಅಂದಳು. ಅದೂ ನಾಲ್ಕೂವರೆ ತಾಸು ಡ್ರೈವ್ ಮಾಡಿ, ಬೆಟ್ಟ ದಾಟಿ ಹೋಗಬೇಕಾದ ಊರಿನ ಕ್ಯಾಥೊಲಿಕ್ ಯೂನಿವರ್ಸಿಟಿಯಲ್ಲಿ. ಮಂಗಳೂರಿನಿಂದ ಅತ್ತಿಗೆ ಫೋನ್ ಮಾಡಿ "ಅದೆಂತ ಮಾರಾಯ್ರೆ, ಹೆಸರೇ ಕೇಳಿಲ್ವಲ್ಲ" ಅಂದರು.

ಆದರೆ ಹೆಸರು ಅವರಿಗೂ ಗೊತ್ತು, ಗೊತ್ತಿದೆ ಅಂತ ಗೊತ್ತಿಲ್ಲ ಅಷ್ಟೆ. ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲಿನ ನಮ್ಮ ಅಲೋಶಿಯಸ್ ಕಾಲೇಜಿನ ಅಲೋಶಿಯಸ್ ಇದ್ದಾನಲ್ಲ, ಅವನ ಮನೆತನದ ಹೆಸರೇ ಗೊನ್‌ಜಾಗಾ. ಇಟಲಿಯ ದೊಡ್ಡ ಮನೆತನದ ಹುಡುಗ. ಆಸ್ತಿ ಬಿಟ್ಟು ಜೆಸುಯಿಟ್ ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಂಘ ಸೇರಿದ, 1591ರಲ್ಲಿ ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳನ್ನು ನೋಡಿಕೊಳ್ಳುತ್ತ ತಾನೂ ಕಾಯಿಲೆ ಬಿದ್ದು ತೀರಿಕೊಂಡ. ಆಗ ವಯಸ್ಸು ಬರೀ 23. ಮಂಗಳೂರಿನ ಕಾಲೇಜು 1880ರಲ್ಲಿ ಶುರುವಾಯಿತು, ಸ್ಪೊಕ್ಯಾನಿನದ್ದು 1887ರಲ್ಲಿ. ಎರಡನ್ನೂ ಕಟ್ಟಿದ್ದು ಜೆಸುಯಿಟರೇ, ಅದೂ ಇಟಲಿಯಿಂದ ಬಂದವರು. ನಾನು ಮಂಗಳೂರಿನದರಲ್ಲಿ ಓದಿದವನು. ಕ್ಲಾಸ್ ತಪ್ಪಿಸಿದ ದಿನ ಚಾಪೆಲ್‌ನ ತಂಪಿನಲ್ಲಿ ಕೂತು ಇಟಲಿಯ ಚಿತ್ರಕಾರ ಮೊಸ್ಕೇನಿ ಛಾವಣಿಗೆ ಬರೆದ ಅಲೋಶಿಯಸ್‌ನ ಚಿತ್ರಗಳನ್ನು ಕತ್ತು ನೋಯುವವರೆಗೆ ನೋಡಿದವನು. ಹಾಗಾಗಿ ಗೊನ್‌ಜ್ಯಾಗದ ಕ್ಯಾಂಪಸ್‌ಗೆ ಕಾಲಿಟ್ಟಾಗ ಎರಡು ಗೋಪುರದ ಚರ್ಚಿನ ಮುಂದೆ ಸಂತ ಅಲೋಶಿಯಸ್ ಅಂತ ಓದಿ, ಬಸ್‌ಸ್ಟ್ಯಾಂಡಿನಲ್ಲಿ ಊರಿನವರು ಸಿಕ್ಕಷ್ಟು ಖುಷಿಯಾಯಿತು.

"ಮತ ಬದಲಾಯಿಸ್ತಾರಾ?" ಅಂತಲೂ ಒಬ್ಬರು ಕೇಳಿದರು. ಇಲ್ಲ. ಚರ್ಚಿನ ಪೂಜೆಗೆ ಹೋಗಬೇಕೆಂಬ ಕಡ್ಡಾಯವಿಲ್ಲ. ನಾನೂ ಅಣ್ಣನೂ ವರ್ಷಗಟ್ಟಲೆ ಪಾದ್ರಿಗಳ ಹತ್ತಿರ ಓದಿ ಈಗಲೂ ಕದ್ರಿ ಜಾತ್ರೆ ತಪ್ಪಿಸಲು ಮನಸ್ಸಾಗದವರು, ಈ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಡ.

ಓದಿನ ವಿಷಯ. ಡಿಗ್ರಿ ಓದುವವರು ಸುಮಾರು 5,000 ಜನ, ಎಲ್ಲ ಸೇರಿದರೆ ಏಳು ಸಾವಿರದ ಆಸುಪಾಸು. ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ 40,000ಕ್ಕೂ ಹೆಚ್ಚು. ಈ ಒಂದು ಅಂಕಿಯಲ್ಲೇ ಅರ್ಧ ವಿಮರ್ಶೆ ಮುಗಿಯಿತು. ಇಲ್ಲಿ ಕ್ಲಾಸ್ ತೆಗೆದುಕೊಳ್ಳುವುದು ಮೇಷ್ಟ್ರೇ, ಸಂಶೋಧನೆ ಮಾಡುತ್ತಿರುವ ಹುಡುಗನಲ್ಲ. ಮಗಳ ಒಂದು ಲ್ಯಾಬಿನಲ್ಲಿ ಹದಿನಾಲ್ಕು ಜನ. ಎರಡು ಸಲ ಬಾರದಿದ್ದರೆ ಮೇಷ್ಟ್ರಿಂದಲೇ "ಹುಷಾರಾಗಿದ್ದೀಯಾ" ಅಂತ ಮೇಲ್ ಬರುತ್ತದೆ. ಮಗಳಿಗೆ ಅದು ಕಿರಿಕಿರಿ, ಫೀಸ್ ಕಟ್ಟುವವನಿಗೆ ಸಮಾಧಾನ.

ನನಗೆ ಜಗಳ ಇದ್ದದ್ದು ಅವರು 'ಕೋರ್' ಅನ್ನುವುದರ ಮೇಲೆ. ಎಂಜಿನಿಯರಿಂಗ್ ಆಗಲಿ, ನರ್ಸಿಂಗ್ ಆಗಲಿ, ಎಲ್ಲರೂ ತತ್ವಶಾಸ್ತ್ರ, ಧರ್ಮ, ನೀತಿ, ಬರವಣಿಗೆ, ಭಾಷಣ ಇವುಗಳ ಒಂದೊಂದು ಕೋರ್ಸ್ ಮಾಡಲೇಬೇಕು. ಕಾಂಕ್ರೀಟ್ ಕಲಿಯಲು ಹೋದವಳಿಗೆ ಮನುಷ್ಯ ಅಂದರೆ ಯಾರು ಅಂತ ಪಾಠ ಯಾಕೆ, ಅದಕ್ಕೂ ಇಷ್ಟೇ ದುಡ್ಡಾ ಅಂತ ಮೊದಲ ವರ್ಷವೆಲ್ಲ ಗೊಣಗಿದೆ. ಎರಡನೇ ವರ್ಷ ರಜೆಗೆ ಬಂದವಳು ಊಟಕ್ಕೆ ಕೂತಾಗ, ಅಣೆಕಟ್ಟು ಕಟ್ಟಿದರೆ ಮುಳುಗುವ ಊರಿನವರಿಗೆ ಎಂಜಿನಿಯರ್ ಏನು ಬಾಕಿ ಕೊಡಬೇಕು ಅಂತ ಶುರು ಮಾಡಿದಳು. ನಾನು ಸುಮ್ನೆ ಲಿಂಗನಮಕ್ಕಿಯ ಕಥೆ ಹೇಳಿದೆ, ಶರಾವತಿಯಲ್ಲಿ ಮನೆ ಕಳಕೊಂಡವರು ಇವತ್ತಿಗೂ ಜಮೀನಿನ ಪತ್ರಕ್ಕೆ ಓಡಾಡುವುದು. ಅನ್ನ ಆರಿ ತಣ್ಣಗಾಯಿತು, ಕೈ ಒಣಗಿತು, ಇಬ್ಬರೂ ಏಳಲಿಲ್ಲ. ಅವಳ ಜೊತೆ ಅಷ್ಟು ಹೊತ್ತು ನಾನು ಹಿಂದೆ ಯಾವತ್ತೂ ಮಾತಾಡಿರಲಿಲ್ಲ. ಆಮೇಲೆ ಕೋರ್ ಬಗ್ಗೆ ಗೊಣಗುವುದು ಬಿಟ್ಟೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ಇವರದೇ ಒಂದು ಕೇಂದ್ರ 1963ರಿಂದ ಇದೆ, ಒಂದು ಸೆಮಿಸ್ಟರ್ ಅಲ್ಲಿ ಓದಿ ಬರಬಹುದು. ಆ ಅರ್ಜಿ ಈಗ ನಮ್ಮ ಮನೆಯ ಹೊಸ ಚರ್ಚೆ.

ಇನ್ನು ಬ್ಯಾಸ್ಕೆಟ್‌ಬಾಲ್. ಇದನ್ನು ಆಟ ಅನ್ನಬೇಕೋ ಊರ ಹಬ್ಬ ಅನ್ನಬೇಕೋ ತಿಳಿಯದು. ಇವರಿಗೆ ಅಮೆರಿಕನ್ ಫುಟ್‌ಬಾಲ್ ತಂಡವೇ ಇಲ್ಲ, 1941ರಲ್ಲೇ ನಿಂತುಹೋಯಿತು. ಹಾಗಾಗಿ ಎಲ್ಲ ಪ್ರೀತಿಯೂ ಇದಕ್ಕೇ. ಎನ್‌ಬಿಎಯಲ್ಲಿ (ಅಮೆರಿಕದ ವೃತ್ತಿಪರ ಲೀಗ್) 15,806 ಅಸಿಸ್ಟ್, ಅಂದರೆ ಜೊತೆಯವರು ಬುಟ್ಟಿಗೆ ಹಾಕುವಂತೆ ಚೆಂಡು ಪಾಸ್, ಮಾಡಿ ಇವತ್ತಿಗೂ ದಾಖಲೆ ಉಳಿಸಿಕೊಂಡಿರುವ ಜಾನ್ ಸ್ಟಾಕ್ಟನ್ ಇದೇ ಊರಿನವನು, ಇದೇ ಕಾಲೇಜಿನವನು. ಮಾರ್ಕ್ ಫ್ಯೂ 1999ರಲ್ಲಿ ಮುಖ್ಯ ಕೋಚ್ ಆದರು, ಅಂದಿನಿಂದ ದೇಶದ ಕಾಲೇಜು ತಂಡಗಳ ದೊಡ್ಡ ಟೂರ್ನಿ ನಡೆದ ವರ್ಷವೆಲ್ಲ ಇವರ ಹೆಸರು ಪಟ್ಟಿಯಲ್ಲಿದೆ. ಫೈನಲ್‌ಗೆ ಎರಡು ಸಲ ಹೋಗಿದ್ದಾರೆ, ಎರಡು ಸಲವೂ ಸೋತಿದ್ದಾರೆ. 2017ರಲ್ಲಿ ನಾರ್ತ್ ಕೆರೊಲಿನಾ ಎದುರು 71-65. 2021ರಲ್ಲಂತೂ ಒಂದೂ ಸೋಲದೆ 31 ಪಂದ್ಯ ಗೆದ್ದು, ಸೆಮಿಫೈನಲ್‌ನಲ್ಲಿ ಜೇಲನ್ ಸಗ್ಸ್ ಕೊನೇ ಕ್ಷಣದಲ್ಲಿ ಅಷ್ಟು ದೂರದಿಂದ ಎಸೆದು ಗೆಲ್ಲಿಸಿ, ಫೈನಲ್‌ನಲ್ಲಿ ಬೇಲರ್ ಎದುರು 86-70ರಿಂದ ಮಲಗಿಬಿಟ್ಟರು. "ಈ ಸಲ ಕಪ್ ನಮ್ದೇ" ಅಂತ ಹದಿನೆಂಟು ವರ್ಷ ಕಾದ ಆರ್‌ಸಿಬಿಯವರಿಗೆ ಈ ಊರಿನವರ ಮುಖ ನೋಡಿದರೆ ಎಲ್ಲ ಅರ್ಥವಾಗುತ್ತದೆ.

ಆಡುವ ಒಳಾಂಗಣ ಕ್ರೀಡಾಂಗಣಕ್ಕೆ ಮೆಕಾರ್ಥಿ ಅಂತ ಹೆಸರು, ಕರೆಯುವುದು 'ಕೆನಲ್', ಅಂದರೆ ನಾಯಿಗೂಡು. ತಂಡದ ಹೆಸರು ಬುಲ್‌ಡಾಗ್ಸ್ ಅಲ್ವಾ, ಅದಕ್ಕೆ. ಹಿಡಿಸುವುದು 6,000 ಜನ. ದೊಡ್ಡ ಪಂದ್ಯಕ್ಕೆ ಮುಂದಿನ ಸಾಲು ಬೇಕಿದ್ದರೆ ಹುಡುಗರು ಹೊರಗೆ ಟೆಂಟ್ ಹಾಕಿ ಮಲಗುತ್ತಾರೆ. ಜನವರಿಯಲ್ಲಿ. ಹಿಮದಲ್ಲಿ. ನಾನು ಬೆಳಿಗ್ಗೆ ಏಳಕ್ಕೆ ಕಾಫಿ ಹಿಡಿದು ಹುಡುಕಿಕೊಂಡು ಹೋದಾಗ ಒಂದು ನೀಲಿ ಟೆಂಟಿನಿಂದ ಆರು ಜೊತೆ ಬೂಟು ಹೊರಗೆ ಚಾಚಿದ್ದವು. ಒಂದು ಜೊತೆಗೆ ನಾನೇ ದುಡ್ಡು ಕೊಟ್ಟಿದ್ದು. ಒಳಗೆ ಒಬ್ಬಳು ಹೆಡ್‌ಲೈಟ್ ಕಟ್ಟಿಕೊಂಡು ಥರ್ಮೊಡೈನಮಿಕ್ಸ್ ಲೆಕ್ಕ ಬಿಡಿಸುತ್ತಿದ್ದಳು. ಮಗಳು ತಲೆ ಹೊರಗೆ ಹಾಕಿ "ಅಪ್ಪಾ, ಕಾಫಿ ಒಂದೇನಾ?" ಅಂದಳು.

ಪುರುಷರ ಪಂದ್ಯಕ್ಕೆ ನನ್ನಂಥವರಿಗೆ ಟಿಕೆಟ್ ಸಿಗುವುದು ಕಷ್ಟ, ಆಸೆ ಇಟ್ಟುಕೊಳ್ಳಬೇಡಿ. ಮಹಿಳೆಯರ ಪಂದ್ಯಕ್ಕೆ ಹೋಗಿ. ನಾನು ಬೇರೆ ದಾರಿ ಇಲ್ಲದೆ ಹೋದವನು, ಈಗ ಅದಕ್ಕೇ ಅಂತ ಹೋಗುತ್ತೇನೆ. ಕಾಲೇಜು ಆಟದಲ್ಲಿ 2,000 ಅಂಕ, 1,000 ಅಸಿಸ್ಟ್ ಎರಡನ್ನೂ ಮೊದಲು ದಾಟಿದ ಕೋರ್ಟ್ನಿ ವ್ಯಾಂಡರ್‌ಸ್ಲೂಟ್ ಆಡಿದ್ದು ಇದೇ ಕೋರ್ಟಿನಲ್ಲಿ. ನನ್ನ ಹಿಂದಿನ ಸಾಲಿನ ಅಜ್ಜಿಯೊಬ್ಬರು ಪ್ರತಿ ಫೌಲಿಗೂ ಅಂಪೈರನ್ನು ಹೆಸರು ಹಿಡಿದು ಬೈಯುತ್ತಿದ್ದರು, ಆಮೇಲೆ ಚೀಲದಿಂದ ಬಿಸ್ಕತ್ತು ತೆಗೆದು ಅಕ್ಕಪಕ್ಕದವರಿಗೆಲ್ಲ ಕೊಟ್ಟರು. ಉಳಿದ ಆಟದವರ ಮೇಲೆ ಮಾತ್ರ ಪಾಪ ಅನಿಸುತ್ತದೆ. ಬೆಳಗಿನ ಜಾವ ಎದ್ದು ದೋಣಿ ಹುಟ್ಟು ಹಾಕುವ ತಂಡವೂ ಇದೆ ಇಲ್ಲಿ, ಅವರನ್ನು ಕೇಳುವವರು ಎಷ್ಟು ಜನ?

ಕ್ಯಾಂಪಸ್ ನದಿಯ ದಂಡೆಯಲ್ಲಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಹೋಗಬಹುದು, ಹಾಗೇ ನಡೆದರೆ ಪೇಟೆಯೊಳಗಿನ ಜಲಪಾತವೂ ಸಿಗುತ್ತದೆ. ಹಾಡುಗಾರ ಬಿಂಗ್ ಕ್ರಾಸ್ಬಿ ಇಲ್ಲಿ ಓದು ಅರ್ಧಕ್ಕೆ ಬಿಟ್ಟವನು, 1937ರಲ್ಲಿ ಕರೆದು ಗೌರವ ಡಾಕ್ಟರೇಟ್ ಕೊಟ್ಟರು. ಅವನದೊಂದು ಪ್ರತಿಮೆ ಇದೆ. ಬಾಯಲ್ಲಿ ಇರಬೇಕಾದ ಪೈಪನ್ನು ಹುಡುಗರು ಕದಿಯುತ್ತಲೇ ಇರುತ್ತಾರೆ. ನಾನು ಫೋಟೋ ತೆಗೆದ ದಿನವೂ ಬಾಯಿ ಖಾಲಿ.

ಬೇಜಾರಿನ ಸಂಗತಿಗಳೂ ಇವೆ. ಬೋಧನಾ ಶುಲ್ಕವೇ ವರ್ಷಕ್ಕೆ 50,000 ಡಾಲರ್ ದಾಟುತ್ತದೆ, ಊಟ ವಸತಿ ಬೇರೆ. ಸ್ಕಾಲರ್‌ಶಿಪ್ ಸಿಕ್ಕದಿದ್ದರೆ ನಾವು ಈ ಕಡೆ ತಲೆ ಹಾಕುತ್ತಿರಲಿಲ್ಲ, ಅರ್ಜಿ ಹಾಕುವವರು ಮೊದಲು ಆ ಲೆಕ್ಕ ಮಾಡಿ. ನಮ್ಮವರು ಕಡಿಮೆ, ಹೆಚ್ಚಿನವರು ಬಿಳಿಯರು. ದೀಪಾವಳಿಗೆ ಹಣತೆ ಹಚ್ಚಲು ಜೊತೆಗೆ ನಾಲ್ಕು ಜನರನ್ನು ಹುಡುಕಬೇಕು. ಮೊದಲೆರಡು ವರ್ಷ ಹಾಸ್ಟೆಲ್ ಕಡ್ಡಾಯ. ಸಸ್ಯಾಹಾರ ಸಿಗುತ್ತದೆ, ಆದರೆ ಸಾರನ್ನ ಅಂತ ಮನಸ್ಸು ಹಂಬಲಿಸಿದರೆ ನೀವೇ ಮಾಡಿಕೊಳ್ಳಬೇಕು. ಮೂರನೇ ವರ್ಷ ಮಗಳು ಗೆಳತಿಯರ ಜೊತೆ ಹೊರಗೆ ಮನೆ ಹಿಡಿದಳು. ಆ ಮನೆಯ ಮಾಲೀಕರ ಕಥೆಯೇ ಬೇರೆ, ಹೀಟರ್ ಕೆಟ್ಟು ಮೂರು ದಿನ ನಾಲ್ವರೂ ಒಂದೇ ಕೋಣೆಯಲ್ಲಿ ಮಲಗಿದರು, ಆ ಪುಣ್ಯಾತ್ಮರು ಫೋನ್ ಎತ್ತಲಿಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಹೀಟರ್ ಹಚ್ಚಿ ನೋಡಿ.

ಹೋಗುವವರು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹೋಗಿ. ಚಳಿಗಾಲದಲ್ಲಿ ಬೆಟ್ಟದ ರಸ್ತೆ ಹಿಮ ಬಿದ್ದು ಮುಚ್ಚುತ್ತದೆ, ಟೈರಿಗೆ ಚೈನ್ ಬೇಕಾಗುತ್ತದೆ. ನಾನು ಈ ವಾರ ಆ ಚೈನ್ ಹಾಕಿಕೊಂಡೇ ಹೊರಟಿದ್ದೇನೆ. ಸೇಂಟ್ ಮೇರೀಸ್ ಕಾಲೇಜಿನ ಎದುರು ಪಂದ್ಯವಂತೆ, ಮತ್ತೆ ಟೆಂಟಂತೆ. ಚಟ್ನಿಪುಡಿ, ಎರಡು ಕಂಬಳಿ ಮತ್ತು ಈ ಸಲ ಆರು ಕಾಫಿ ತರಬೇಕೆಂದು ಅಪ್ಪಣೆಯಾಗಿದೆ.