ಪೋರ್ಚುಗಲ್ ಕಡಲ ದಡದಲ್ಲಿ ಪುಟ್ಟ ಮನೆ: ಮೂರು ಊರುಗಳಲ್ಲಿ ಇದ್ದು ನೋಡಿದ ಮೇಲೆ

ಪೋರ್ಚುಗಲ್‌ಗೆ ಬಂದು ನೆಲೆಸುವ ಯೋಚನೆ ಇರುವವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ. ಲಿಸ್ಬನ್‌ನಲ್ಲಿ ಬಾಡಿಗೆ ಕಟ್ಟುವ ಬದಲು ಸಮುದ್ರದ ಹತ್ತಿರ ಒಂದು ಸಣ್ಣ ಮನೆ ತಗೊಂಡರೆ ಹೇಗೆ? ನಾವು ಗಂಡ ಹೆಂಡತಿ ಒಲ್ಯಾಂವ್, ಸಾಂವ್ ಮಾರ್ತಿನ್ಯೋ, ಫಿಗೇರಾ ದ ಫೋಸ್, ಈ ಮೂರೂ ಊರುಗಳಲ್ಲಿ ಬಾಡಿಗೆಗೆ ಇದ್ದು ನೋಡಿದೆವು. ಅದೂ ಬೇಕೆಂದೇ ಚಳಿಗಾಲದಲ್ಲಿ. ಜುಲೈ ತಿಂಗಳಲ್ಲಿ ಇಲ್ಲಿನ ಯಾವ ಕಡಲೂರಾದರೂ ಚೆಂದವೇ. ಮನೆಯ ಗುಣ ಗೊತ್ತಾಗೋದು ಜನವರಿಯ ಮಳೆಯಲ್ಲಿ.

ಮೊದಲೇ ಹೇಳಿಬಿಡುತ್ತೇನೆ, ಮನೆ ಕೊಂಡರೆ ವೀಸಾ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಣ ಹೂಡಿದವರಿಗೆ ವಾಸದ ಅನುಮತಿ ಕೊಡುವ ಗೋಲ್ಡನ್ ವೀಸಾದಲ್ಲಿ ಮನೆ ಖರೀದಿಯ ದಾರಿ 2023ರ ಅಕ್ಟೋಬರ್‌ನಲ್ಲೇ ಮುಚ್ಚಿದೆ. ವೀಸಾದ ವ್ಯವಸ್ಥೆ ಬೇರೆ, ಮನೆಯ ವ್ಯವಹಾರ ಬೇರೆ.

ಒಲ್ಯಾಂವ್ ಇರೋದು ದಕ್ಷಿಣದ ಅಲ್ಗಾರ್ವ್‌ನಲ್ಲಿ, ರಿಯಾ ಫಾರ್ಮೋಸಾ ಹಿನ್ನೀರಿನ ದಡದಲ್ಲಿ. ಬೆಳ್ಳಗಿನ ಚೌಕಾಕಾರದ ಮನೆಗಳು, ಮೇಲೆ ಚಪ್ಪಟೆ ತಾರಸಿ. ನಮ್ಮ ಕಡೆಯ ಹಾಗೆ ಬಟ್ಟೆ ಒಣಗಿಸಲು, ಸಂಜೆ ಕೂರಲು ಒಳ್ಳೆ ಜಾಗ. ಕೆಂಪು ಇಟ್ಟಿಗೆಯ ಎರಡು ಮಾರುಕಟ್ಟೆ ಕಟ್ಟಡಗಳು ನೀರಿನ ಅಂಚಿನಲ್ಲೇ ಇವೆ. ಒಂದರಲ್ಲಿ ಮೀನು, ಇನ್ನೊಂದರಲ್ಲಿ ಹಣ್ಣು ತರಕಾರಿ. ಕರಾವಳಿಯವರಾದ ನಮಗೆ ಅಲ್ಲಿ ರಾಶಿ ಹಾಕಿದ್ದ ಮರುವಾಯಿ (ಚಿಪ್ಪುಮೀನು) ನೋಡಿಯೇ ಅರ್ಧ ಮನಸ್ಸು ಸೋತಿತು. ಚಳಿಗಾಲದಲ್ಲೂ ಬಿಸಿಲು ಧಾರಾಳ. ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೇ ಫಾರೊ ಬರುತ್ತದೆ. ವಿಮಾನ ನಿಲ್ದಾಣ, ದೊಡ್ಡ ಆಸ್ಪತ್ರೆ ಎರಡೂ ಅಲ್ಲೇ.

ಆದರೆ ಒಲ್ಯಾಂವ್ ಪೇಟೆಗೆ ಹೊಂದಿಕೊಂಡು ಮರಳಿನ ಬೀಚ್ ಇಲ್ಲ. ನಿಜವಾದ ಕಡಲು ನೋಡಬೇಕೆಂದರೆ ದೋಣಿ ಹತ್ತಿ ಅರ್ಮೋನಾ ಅಥವಾ ಕುಲಾತ್ರಾ ದ್ವೀಪಕ್ಕೆ ಹೋಗಬೇಕು. ಚಳಿಗಾಲದಲ್ಲಿ ದೋಣಿಗಳ ಓಡಾಟ ಕಡಿಮೆ. ಇನ್ನು ಹಳೆ ಮನೆಗಳ ಕಥೆ. ನಾವಿದ್ದ ಮನೆಯ ಗೋಡೆ ಕಲ್ಲು ಸುಣ್ಣದ್ದು. ಅಂಥ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತಾ ಇರಬೇಕು. ಯಾರೋ ಅದಕ್ಕೆ ಸಿಮೆಂಟ್ ಗಾರೆ ಬಳಿದು, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದಿದ್ದರು. ತೇವಕ್ಕೆ ದಾರಿಯೇ ಇಲ್ಲ. ಮಂಚದ ಹಿಂದೆ, ನೆಲದಿಂದ ಮೊಣಕಾಲೆತ್ತರದವರೆಗೆ ಪೇಂಟ್ ಗುಳ್ಳೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಉಪ್ಪಿನ ಬಿಳಿ ಪುಡಿ ಉದುರುತ್ತಿತ್ತು. ತಾರಸಿಗೆ ಹೋಗುವ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ, ಊರಿಂದ ಅಮ್ಮ ಬಂದರೆ ಹತ್ತೋದು ಹೇಗೆ ಎಂದು ನಾವು ಮುಖ ಮುಖ ನೋಡಿಕೊಂಡೆವು.

ಲಿಸ್ಬನ್‌ನ ಉತ್ತರಕ್ಕೆ, ಪಶ್ಚಿಮ ಕರಾವಳಿಯಲ್ಲಿರುವ ಸಾಂವ್ ಮಾರ್ತಿನ್ಯೋ ದೊ ಪೋರ್ತೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಿಪ್ಪಿನ ಆಕಾರದ ಕೊಲ್ಲಿ, ಕಿರಿದಾದ ಬಾಯಿ, ಒಳಗೆ ಅಲೆಯೇ ಇಲ್ಲದಂಥ ನೀರು. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಕಡಲು ಸಿಗುವುದು ಕಷ್ಟ. ಆದರೆ ಅಲ್ಲಿನ ಬಹಳಷ್ಟು ಫ್ಲ್ಯಾಟ್‌ಗಳು ಬೇರೆ ಊರಿನವರ ಬೇಸಿಗೆ ಮನೆಗಳು. ಚಳಿಗಾಲದ ಸಂಜೆ ನಮ್ಮ ಕಟ್ಟಡದಲ್ಲಿ ದೀಪ ಉರಿಯುತ್ತಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಕ್ಕಪಕ್ಕದ ಮನೆ ಖಾಲಿಯಿದ್ದರೆ ಗೋಡೆಯೂ ಬೆಚ್ಚಗಾಗುವುದಿಲ್ಲ. ರೈಲಿದೆ, ನಿಧಾನ. ಕಾರಿಲ್ಲದೆ ಅಲ್ಲಿ ವರ್ಷಪೂರ್ತಿ ಇರುವುದು ನಮ್ಮಂಥವರಿಗೆ ಆಗದ ಮಾತು.

ಅದೇ ಕರಾವಳಿಯಲ್ಲಿ ಇನ್ನೂ ಉತ್ತರಕ್ಕಿರುವ ಫಿಗೇರಾ ದ ಫೋಸ್ ಮೊದಲ ನೋಟಕ್ಕೆ ಹಿಡಿಸುವ ಊರಲ್ಲ. ಎತ್ತರದ ಹಳೆ ಅಪಾರ್ಟ್‌ಮೆಂಟ್‌ಗಳು, ಬೀಸುವ ಗಾಳಿ, ನೀರು ಮುಟ್ಟಲು ಸುಸ್ತಾಗುವಷ್ಟು ಅಗಲದ ಮರಳು. ಆ ಅಗಲಕ್ಕೊಂದು ಕಾರಣವಿದೆ, ಮನೆ ಕೊಳ್ಳುವವರು ಅದನ್ನು ತಿಳಿದಿರಲೇಬೇಕು. ಇಲ್ಲಿ ಮರಳು ದಡದುದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತದೆ. ಮೊಂಡೇಗು ನದಿಯ ಅಳಿವೆ ಬಾಗಿಲಲ್ಲಿ ಕಟ್ಟಿದ ತಡೆಗೋಡೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಉತ್ತರದಲ್ಲಿ ಬೀಚ್ ಬೆಳೆಯುತ್ತದೆ, ನದಿಯ ಆಚೆ ಕೋವಾ-ಗಾಲಾ ಕಡೆ ಕಡಲ್ಕೊರೆತ. ಉಳ್ಳಾಲದ ಪಾಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಫಿಗೇರಾದಲ್ಲಿ ನೋಡುವುದಾದರೆ ನದಿಯ ಉತ್ತರಕ್ಕೇ ನೋಡಿ.

ನಾವಿದ್ದದ್ದು ಊರಿಗೆ ಅಂಟಿಕೊಂಡ ಮೀನುಗಾರರ ಕೇರಿ ಬುವಾರ್ಕೋಸ್‌ನಲ್ಲಿ. ಮೊದಲು ಕಡಲಿಗೇ ಮುಖ ಮಾಡಿದ ಫ್ಲ್ಯಾಟ್. ಪಶ್ಚಿಮದ ಮಳೆ ಗಾಳಿ ನೇರ ಕಿಟಕಿಗೆ ಬಡಿಯುತ್ತಿತ್ತು. ಅಲ್ಯೂಮಿನಿಯಂ ಚೌಕಟ್ಟು ಉಪ್ಪು ತಿಂದು ತರಿತರಿಯಾಗಿತ್ತು, ಬೀರುವಿನಲ್ಲಿದ್ದ ಚರ್ಮದ ಬೆಲ್ಟ್‌ಗೆ ಬೂಷ್ಟು. ಆಮೇಲೆ ಅದರ ಹಿಂದಿನ ಬೀದಿಯ ಫ್ಲ್ಯಾಟ್‌ಗೆ ಬಂದೆವು, ಅದು ದಕ್ಷಿಣಕ್ಕೆ ಮುಖ. ಹಗಲೆಲ್ಲ ಬಿಸಿಲು ಒಳಗೆ, ಗೋಡೆ ಒಣಗಿತ್ತು, ಬೆಲೆಯೂ ಕಡಿಮೆ. ಮೂರು ಊರು ತಿರುಗಿ ನಾವು ಕಲಿತದ್ದರಲ್ಲಿ ಇದೇ ದೊಡ್ಡದು: ಕಡಲಿನ ನೋಟಕ್ಕೆ ಕೊಡುವ ದುಡ್ಡನ್ನು ಚಳಿಗಾಲದ ಬಿಸಿಲಿಗೆ ಕೊಡಿ. ಕಡಲು ನಡೆದು ಹೋದರೂ ಸಿಗುತ್ತದೆ. ಜನವರಿಯಲ್ಲೂ ಬೇಕರಿ, ಔಷಧಿ ಅಂಗಡಿ, ಮಾರುಕಟ್ಟೆ ಎಲ್ಲ ತೆರೆದಿತ್ತು. ರೈಲಿನಲ್ಲಿ ಸುಮಾರು ಒಂದು ಗಂಟೆಗೆ ಕೊಯಿಂಬ್ರಾ, ಅಲ್ಲಿ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ.

ಹಾಗಾಗಿ ನಮ್ಮ ಆಯ್ಕೆ ಬುವಾರ್ಕೋಸ್, ಹಿಂದಿನ ಬೀದಿ, ಲಿಫ್ಟ್ ಇರುವ ಕಟ್ಟಡ. ಚಳಿಗಾಲದಲ್ಲಷ್ಟೇ ಬಂದು ಇರುವವರಾದರೆ ನಾನು ಒಲ್ಯಾಂವ್ ಅನ್ನೇ ಹೇಳುತ್ತೇನೆ, ಆದರೆ ಹೊಸ ಕಟ್ಟಡದಲ್ಲಿ, ಮೇಲಿನ ಮಹಡಿಯಲ್ಲಿ.

ಕಾಗದಪತ್ರ ಎಲ್ಲ ಊರಲ್ಲೂ ಒಂದೇ. ಮೊದಲು ನಿಫ್ ಎಂಬ ತೆರಿಗೆ ಸಂಖ್ಯೆ. ನಂತರ ಖರೀದಿ ಕರಾರು. ಸಾಮಾನ್ಯವಾಗಿ ಬೆಲೆಯ 10% ಮುಂಗಡ ಕೇಳುತ್ತಾರೆ. ನೀವು ಹಿಂದೆ ಸರಿದರೆ ಮುಂಗಡ ಹೋಯಿತು. ಮಾರುವವರು ಸರಿದರೆ ಅದರ ಎರಡರಷ್ಟು ನಿಮಗೆ ಕೊಡಬೇಕು. ಬ್ಯಾಂಕ್ ಸಾಲ ಸಿಗದಿದ್ದರೆ ಮುಂಗಡ ವಾಪಸ್ ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿ. ವಕೀಲರು ನಿಮ್ಮವರೇ ಇರಲಿ, ಏಜೆಂಟ್ ತೋರಿಸಿದವರು ಬೇಡ. ಮನೆ ವರ್ಗಾವಣೆ ತೆರಿಗೆ ಬೇರೆ, ಅದಲ್ಲದೆ ಬೆಲೆಯ 0.8% ಸ್ಟ್ಯಾಂಪ್ ಡ್ಯೂಟಿ. ಭಾರತದಲ್ಲಿ ಇರುವಾಗಲೇ ಹಣ ಕಳಿಸುವವರಿಗೆ ಹಣಕಾಸು ವರ್ಷಕ್ಕೆ ತಲಾ 2,50,000 ಡಾಲರ್ ಮಿತಿ ಇದೆ.

ಫ್ಲ್ಯಾಟ್ ಆದರೆ ಮಾಲೀಕರ ಸಂಘದ ಸಭೆಯ ನಡಾವಳಿ ಪುಸ್ತಕ ಕೇಳಿ ಓದಿಸಿಕೊಳ್ಳಿ. ಹೊರಗೋಡೆ ರಿಪೇರಿಯೋ, ಲಿಫ್ಟ್ ಬದಲಾವಣೆಯೋ ಬರುವುದಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಆ ಖರ್ಚು ಯಾರ ತಲೆಗೆ ಎಂದು ಸಹಿಗೆ ಮೊದಲೇ ಮಾತಾಡಿ ಮುಗಿಸಿಕೊಳ್ಳಿ.