ಗೂಗಲ್ ಮೀಟ್ ಫ್ರೀ ವರ್ಷನ್: ನಾಲ್ಕು ಊರಲ್ಲಿ ಕೂತ ನಮ್ಮ ಟೀಮ್‌ಗೆ ಸಾಕಾ?

ನಮ್ದು ಜಿಎಸ್‌ಟಿ ಅಕೌಂಟ್ಸ್ ಕೆಲಸ ಮಾಡೋ ಚಿಕ್ಕ ಬಿಸಿನೆಸ್ಸು, ಆಫೀಸ್ ಅಂತ ಇಲ್ಲ, ನಾನು ದಾವಣಗೆರೆ, ಇಬ್ರು ಶಿರಸಿ ಕಡೆಯವ್ರು, ಒಬ್ರು ಮಂಗಳೂರು, ಇನ್ನೊಬ್ರು ಮದುವೆ ಆಗಿ ಸಿಂಗಾಪುರಕ್ಕೆ ಹೋದ್ರೂ ಕೆಲಸ ಬಿಟ್ಟಿಲ್ಲ. ಆಫೀಸ್ ಇದ್ದಿದ್ರೆ ಇವ್ರನ್ನ ಕಳ್ಕೋತಿದ್ದೆ, ಬಾಡಿಗೆ ಉಳಿದಿದ್ದು ಬೇರೆ.

ಮೀಟ್ ಫ್ರೀಲಿ ಮೂರು ಜನ ಇಲ್ಲಾ ಜಾಸ್ತಿ ಇದ್ರೆ 60 ನಿಮಿಷಕ್ಕೆ ಕಾಲ್ ಕಟ್. ಎಲ್ರೂ ಇದನ್ನೇ ಬೈತಾರೆ, ನಂಗಂತೂ ಇದೇ ಇಷ್ಟ, ಇಲ್ಲಾಂದ್ರೆ ನಮ್ಮ ಮೀಟಿಂಗು ಹರಿಕಥೆ ಆಗ್ತಿತ್ತು. ಸ್ಕ್ರೀನ್ ಶೇರ್ ಮಾಡಿ ಬಿಲ್ ಒಂದೊಂದೇ ತಾಳೆ ನೋಡೋಕೆ ಸೂಪರ್. ರೆಕಾರ್ಡಿಂಗ್ ಮಾತ್ರ ಫ್ರೀಲಿ ಇಲ್ಲ, ಹಾಗಾಗಿ ಮಾತಾಡಿದ್ದನ್ನ ಯಾರಾದ್ರೂ ವಾಟ್ಸಾಪಲ್ಲಿ ಬರೀಲೇಬೇಕು.

ಆದ್ರೆ ಮಳೆಗಾಲ ಬಂತು ಅಂದ್ರೆ ಯಾವ ಆ್ಯಪೂ ಏನ್ ಮಾಡುತ್ತೆ ಹೇಳಿ. ಜುಲೈ 10, ಮಾರನೇ ದಿನ ಜಿಎಸ್‌ಟಿಆರ್-1 (ಮಾರಾಟದ ಬಿಲ್‌ಗಳ ಲೆಕ್ಕ ಕೊಡೋ ಜಿಎಸ್‌ಟಿ ರಿಟರ್ನ್) ಲಾಸ್ಟ್ ಡೇಟು, ಶಿರಸಿಲಿ ಕರೆಂಟಿಲ್ಲ, ಹುಡುಗ ಕೊಡೆ ಹಿಡ್ಕೊಂಡು ತೋಟದ ದಿಬ್ಬ ಹತ್ತಿ ಫೋನಲ್ಲೇ ಇನ್‌ವಾಯ್ಸ್ ನಂಬರ್ ಓದ್ತಿದ್ದ, ಮಳೆ ಸದ್ದಲ್ಲಿ ಸಿಕ್ಸ್‌ಟೀನ್ ಅಂದಿದ್ದು ನಂಗೆ ಸಿಕ್ಸ್‌ಟಿ ಅಂತ ಕೇಳಿ ರಾತ್ರಿ ಹನ್ನೊಂದರ ತನಕ ತಪ್ಪು ಹುಡುಕಿದ್ದೇ ಹುಡುಕಿದ್ದು. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ಪಾಪ ಅವ್ರಿಗೆ ಆಗ ಒಂದೂವರೆ.

5ಕ್ಕೆ 4 ಸ್ಟಾರ್. ಕಮ್ಮಿ ಆದ ಒಂದು ರೆಕಾರ್ಡಿಂಗ್‌ಗೆ, ಮಳೆಗಲ್ಲ.